ಲಿಗೂರಿಯಾ ಕರಾವಳಿಯ ಪ್ಯಾಸೆಂಜರ್ ರೈಲು: ಅವಸರವಿಲ್ಲದ ಇಬ್ಬರಿಗೆ

ಜಿನೋವಾದಿಂದ ಪಶ್ಚಿಮಕ್ಕೆ ಹೋಗುವಾಗ ಫಿನಾಲೆ ಲಿಗುರೆ ಬಿಟ್ಟ ಮೇಲೆ ಅಂದೋರಾದ ತನಕ ಇನ್ನೂ ಒಂಟಿ ಹಳಿಯೇ. ಎದುರಿನ ರೈಲು ಬರಲಿ ಎಂದು ಸಣ್ಣ ಸ್ಟೇಷನ್‌ಗಳಲ್ಲಿ ಗಾಡಿ ಕಾಯುತ್ತದೆ, ಒಂದು ತಡವಾದರೆ ಹಿಂದಿನದ್ದೂ ತಡ. ಆದರೂ ಇಟಲಿಯ ಈ ಕರಾವಳಿಯಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದೇ. ಪಿಯೆತ್ರಾ ಲಿಗುರೆ, ಲೊವಾನೊ, ಚೆರಿಯಾಲೆ, ಅಲ್ಬೆಂಗಾ, ಅಲಾಸ್ಸಿಯೊ, ಲೈಗ್ವೇಲ್ಯ ಎಲ್ಲವೂ ಸ್ಟೇಷನ್ನಿಂದ ನಡೆದೇ ಕಡಲು ಮುಟ್ಟುವ ಊರುಗಳು. ಅಲ್ಬೆಂಗಾ ದಾಟುತ್ತಿದ್ದಂತೆ ಗಲ್ಲಿನಾರಾ ದ್ವೀಪ ಕಾಣಿಸುತ್ತದೆ. ಜಿನೋವಾದಿಂದ ಪಶ್ಚಿಮಕ್ಕೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ, ಡಬಲ್ ಡೆಕ್ಕರ್ ಬಂದರೆ ಮಹಡಿಗೆ ಹತ್ತಿ. ಜಿನೋವಾದಿಂದ ಪೂರ್ವಕ್ಕೆ, ಲಾ ಸ್ಪೆತ್ಸಿಯಾ ಕಡೆಗೆ ಹೊರಟರೆ ಬಲಗಡೆ.

ವೇಗದ ಇಂಟರ್‌ಸಿಟಿಗಳೂ ಇದೇ ಹಳಿಯ ಮೇಲೆ ಓಡುತ್ತವೆ, ಅವು ಬೇಡ. ‘ರೆಜೊನಾಲೆ’ ಎಂದು ಬರೆದಿರುವ ನಿಧಾನ ಗಾಡಿಯಲ್ಲಿ ಸೀಟು ರಿಸರ್ವೇಷನ್ ಇರುವುದಿಲ್ಲ, ದರ ದೂರದ ಮೇಲೆ ನಿಂತಿರುತ್ತದೆ, ಹೊರಡುವ ಗಳಿಗೆಯಲ್ಲಿ ಕೊಂಡರೂ ಅದೇ ಬೆಲೆ. ಬೆಳಿಗ್ಗೆ ಮೋಡ ನೋಡಿ ಇವತ್ತು ಯಾವ ಊರು ಎಂದು ತೀರ್ಮಾನಿಸುವ ಜೋಡಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಒಂದೇ ಉದ್ದ ಟಿಕೆಟ್ ತೆಗೆದು ನಡುನಡುವೆ ಇಳಿಯುವ ಬದಲು ಒಂದೊಂದು ಊರಿಗೂ ಬೇರೆ ಟಿಕೆಟ್ ತೆಗೆಯಿರಿ. ಹೆಚ್ಚಾಗುವ ಖರ್ಚು ಅಲ್ಪ, ಮನಸ್ಸು ನಿರಾಳ.

ಟಿಕೆಟ್ ವಿಷಯದಲ್ಲಿ ಎಚ್ಚರ ಬೇಕಾದದ್ದು ಒಂದೇ ಕಡೆ, ಅಲ್ಲೇ ನಮ್ಮವರು ಹೆಚ್ಚಾಗಿ ದಂಡ ಕಟ್ಟುವುದು. ಕಾಗದದ ಟಿಕೆಟ್ ಕೊಂಡ ಮಾತ್ರಕ್ಕೆ ಆಗಲಿಲ್ಲ. ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಬಳಿ ಇರುವ ಪುಟ್ಟ ಯಂತ್ರಕ್ಕೆ ತೂರಿಸಬೇಕು. ಕರ್ರ್ ಎಂದು ಸದ್ದಾಗಿ ದಿನಾಂಕ, ಗಂಟೆ ಅಚ್ಚಾಗುತ್ತದೆ. ಅಚ್ಚು ನಿಜವಾಗಿ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಶಾಯಿ ಮುಗಿದ ಯಂತ್ರಗಳೂ ಇರುತ್ತವೆ. ಕೆಟ್ಟಿದ್ದರೆ ಟಿಕೆಟ್ ಮೇಲೆ ಪೆನ್ನಿನಲ್ಲಿ ಸ್ಟೇಷನ್ ಹೆಸರು, ದಿನ, ಹೊತ್ತು ಬರೆದು, ಕಂಡಕ್ಟರ್ ಬರುವ ತನಕ ಕಾಯದೆ ನೀವೇ ಹುಡುಕಿಕೊಂಡು ಹೋಗಿ ಹೇಳಿ. ಮೊಬೈಲ್ ಟಿಕೆಟ್ಟಾದರೆ ರೈಲು ಹತ್ತುವ ಮೊದಲು ಅದರಲ್ಲೇ ಚೆಕ್-ಇನ್ ಒತ್ತಬೇಕು. ಸುರಂಗದೊಳಗೆ ನೆಟ್‌ವರ್ಕ್ ಸಿಗದು, ಹಾಗಾಗಿ ಪ್ಲಾಟ್‌ಫಾರ್ಮಿನಲ್ಲೇ ಮುಗಿಸಿ. ವಿದೇಶಿಯರು, ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ.

ಸ್ಟೇಷನ್ ಗೋಡೆಯ ಹಳದಿ ಹಾಳೆ ಹೊರಡುವ ಗಾಡಿಗಳದ್ದು, ಬಿಳಿ ಹಾಳೆ ಬರುವವುಗಳದ್ದು. ಫಲಕದಲ್ಲಿ ‘ರಿತಾರ್ದೊ’ ಎಂದಿದ್ದರೆ ತಡ, ‘ಬಿನಾರಿಯೊ’ ಎಂದರೆ ಪ್ಲಾಟ್‌ಫಾರ್ಮ್. ಕೊನೆಯ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾಗುವುದು ಇಲ್ಲಿ ಮಾಮೂಲು. ಆಗ ನೆಲದಡಿಯ ದಾರಿಗೆ ಮೆಟ್ಟಿಲಿಳಿದು ಮತ್ತೆ ಹತ್ತಬೇಕು, ಲಿಫ್ಟ್ ಇಲ್ಲದ ಸ್ಟೇಷನ್‌ಗಳು ಬೇಕಾದಷ್ಟಿವೆ. ತಲಾ ಒಂದು ಕ್ಯಾಬಿನ್ ಸೂಟ್‌ಕೇಸಿಗಿಂತ ಹೆಚ್ಚು ತರಬೇಡಿ. ದೊಡ್ಡ ಪೆಟ್ಟಿಗೆಗಳಿದ್ದರೆ ಈ ಪ್ರವಾಸದ ಸುಖ ಅರ್ಧ ಹೋಯಿತು.

ಬೆಳಗಿನ ತಿಂಡಿಯೇ ಈ ಕಡೆಯ ದೊಡ್ಡ ಸಂತೋಷ. ಬೇಕರಿಯಲ್ಲಿ ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್ ತೂಕದ ಲೆಕ್ಕದಲ್ಲಿ ಸಿಗುತ್ತದೆ. ‘ಉನ್ ಎತ್ತೊ’ ಎಂದರೆ 100 ಗ್ರಾಂ. ಇಬ್ಬರಿಗೆ ‘ದುಯೆ ಎತ್ತಿ’ ಸಾಕು. ಕತ್ತರಿಯಿಂದ ಕತ್ತರಿಸಿ, ಎಣ್ಣೆ ಹೀರುವ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಬೆರಳಲ್ಲಿ ಒತ್ತಿ ಮಾಡಿದ ಗುಳಿಗಳಲ್ಲಿ ಆಲಿವ್ ಎಣ್ಣೆ, ಉಪ್ಪಿನ ಹರಳು ನಿಂತಿರುತ್ತವೆ. ಉಪ್ಪಿನ ಬದಿ ಕೆಳಗೆ ಮಾಡಿ ಕಚ್ಚಿದರೆ ನಾಲಿಗೆಗೆ ನೇರ ತಾಗುತ್ತದೆ. ಜಿನೋವಾದವರು ಇದನ್ನು ಕಾಪುಚಿನೊಗೆ ಅದ್ದಿಯೂ ತಿನ್ನುತ್ತಾರೆ. ಕಾಫಿ ಕೌಂಟರಿನಲ್ಲಿ ನಿಂತೇ ಕುಡಿಯಿರಿ. ಕೂತರೆ ಬೆಲೆ ಬೇರೆ. ಫಾರಿನಾತಾ ಎಂಬುದು ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಅಗಲ ತಾಮ್ರದ ತಟ್ಟೆಯಲ್ಲಿ ಒಲೆಗಿಟ್ಟು ಬೇಯಿಸುವ ತೆಳ್ಳನೆಯ ರೊಟ್ಟಿ. ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಒಲೆ ಹೊತ್ತಿಸಿದ ಹೊತ್ತಿನಲ್ಲಿ ಮಾತ್ರ ಸಿಗುವುದರಿಂದ ಅಂಗಡಿಯಲ್ಲಿ ಸಮಯ ಕೇಳಿಟ್ಟುಕೊಳ್ಳಿ, ಆರಿದ್ದನ್ನು ಕೊಳ್ಳಬೇಡಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೊಂದು ಮಾತು: ಬೇಸಿಲ್ ಎಲೆಯ ಚಟ್ನಿಯಾದ ಪೆಸ್ಟೊದಲ್ಲಿ ಹಾಕುವ ಪಾರ್ಮಿಜಾನೊ ಚೀಸನ್ನು, ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿಯೇ ಮಾಡುತ್ತಾರೆ. ಫಾರಿನಾತಾದಲ್ಲಿ ಆ ತೊಂದರೆ ಇಲ್ಲ. ಹೋಟೆಲಿನ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿರುತ್ತದೆ, ಅದು ಮೋಸವಲ್ಲ, ಕೂತದ್ದಕ್ಕೆ ಕೊಡುವ ಹಣ.

ಇನ್ನು ಪೂರ್ವಕ್ಕೆ ಹೋಗುವಾಗ ಲೆವಾಂತೊ ದಾಟಿದ ಮೇಲಿನ ಭಾಗ. ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೆ ಎಲ್ಲರೂ ಬರುವುದು ಇದೇ ರೈಲಿನಲ್ಲಿ. ನಿಧಾನವಾಗಿ ಸುತ್ತುವ ಜೋಡಿಗೆ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಈ ತುಂಡನ್ನು ನಾವು ಶಿಫಾರಸು ಮಾಡುವುದಿಲ್ಲ. ಟಿಕೆಟ್ ದರ ಇಲ್ಲಿ ಬೇರೆ, ಸೀಸನ್ನಿನಲ್ಲಿ ಏರುತ್ತದೆ. ದಾರಿಯುದ್ದಕ್ಕೂ ಸುರಂಗಗಳೇ, ಕಡಲು ಮಿಂಚಿ ಮರೆಯಾಗುತ್ತದೆ. ವೆರ್ನಾತ್ಸಾ, ರಿಯೊಮಜ್ಜೋರೆಗಳಲ್ಲಿ ಪ್ಲಾಟ್‌ಫಾರ್ಮ್ ಸುರಂಗದೊಳಕ್ಕೂ ಚಾಚಿಕೊಂಡಿದೆ. ಕೆಲವು ಡಬ್ಬಿಗಳ ಬಾಗಿಲು ಕತ್ತಲಲ್ಲೇ ತೆರೆದುಕೊಳ್ಳುತ್ತದೆ. ಇದು ನಮ್ಮ ಊರಲ್ಲ ಎಂದುಕೊಂಡು ಕೂತವರು ಮುಂದಿನ ಊರಿಗೆ ಹೋಗಿಬಿಡುತ್ತಾರೆ. ಹಳ್ಳಿಯಿಂದ ಹಳ್ಳಿಗೆ ಎರಡರಿಂದ ಐದು ನಿಮಿಷ ಅಷ್ಟೇ, ಆದ್ದರಿಂದ ರೈಲು ಹೊರಟ ಕೂಡಲೇ ಬಾಗಿಲ ಬಳಿ ನಿಂತು, ಗಾಡಿ ನಿಂತೊಡನೆ ಗುಂಡಿ ಒತ್ತಿ.

ಹೋಗಲೇಬೇಕು ಎನ್ನುವವರು ಲೆವಾಂತೊದಲ್ಲಿ ಉಳಿದು, ಬೆಳಗಿನ ಮೊದಲ ಗಾಡಿಗಳಲ್ಲಿ ಹೋಗಿ ಹತ್ತು ಗಂಟೆಯೊಳಗೆ ವಾಪಸಾಗಲಿ. ಚಿಂಕ್ವೆ ತೆರ್ರೆ ಟ್ರೆನೊ ಕಾರ್ಡ್ ಎಂಬ ರೈಲು ಪಾಸು ಲೆವಾಂತೊ ಮತ್ತು ಲಾ ಸ್ಪೆತ್ಸಿಯಾ ನಡುವೆ ಮಾತ್ರ ನಡೆಯುತ್ತದೆ. ಎರಡೇ ಹಳ್ಳಿ ನೋಡುವುದಾದರೆ ಆ ದಿನದ ಬೆಲೆ ನೋಡಿ ಬಿಡಿ ಟಿಕೆಟ್ಟಿನೊಂದಿಗೆ ಲೆಕ್ಕ ಹಾಕಿ. ಕೊರ್ನೀಲ್ಯಾದಲ್ಲಿ ಊರು ಗುಡ್ಡದ ಮೇಲಿದೆ, ಸ್ಟೇಷನ್ನಿಂದ 380ರ ಆಸುಪಾಸು ಮೆಟ್ಟಿಲು. ಮಂಡಿನೋವಿದ್ದರೆ ಮಿನಿಬಸ್ ಉಂಟು, ಕಾರ್ಡಿನಲ್ಲೇ ಸೇರಿರುತ್ತದೆ. ರಿಯೊಮಜ್ಜೋರೆ–ಮನರೋಲಾ ನಡುವಿನ ವಿಯಾ ದೆಲ್ಲಾಮೋರೆ ಎಂಬ ಕಾಲುದಾರಿ 2012ರಲ್ಲಿ ಬಂಡೆ ಕುಸಿದು ಮುಚ್ಚಿ, 2024ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಮುಂಗಡ ಬುಕಿಂಗ್, ಬೇರೆ ಶುಲ್ಕ.

ಈ ನೂಕುನುಗ್ಗಲಿನ ಬದಲು ಲೆವಾಂತೊದಿಂದ ಎದುರು ದಿಕ್ಕಿಗೆ ತಿರುಗಿ. ಹಳಿ ಒಳನಾಡಿಗೆ ಸರಿದಾಗ ಬಿಟ್ಟುಹೋದ ಹಳೆಯ ಸುರಂಗಗಳೇ ಈಗ ಬೊನಾಸ್ಸೊಲಾ ಮೂಲಕ ಫ್ರಾಮುರಾದವರೆಗೆ ಸೈಕಲ್ ದಾರಿ, ಐದೂವರೆ ಕಿ.ಮೀ. ಸುಮಾರು. ಸುರಂಗದ ತೆರಪುಗಳಿಂದ ಕೆಳಗೆ ಅಲೆ ಕಾಣುತ್ತದೆ. ಬಿಸಿಲಲ್ಲಿ ಬೆವತು ಒಳಹೊಕ್ಕರೆ ಚಳಿ, ತೆಳು ಸ್ವೆಟರ್ ಇರಲಿ. ಪಶ್ಚಿಮದಲ್ಲಿ ಸಾನ್ ಲೊರೆನ್ಸೊ ಅಲ್ ಮಾರೆಯಿಂದ ಒಸ್ಪೆದಲೆತ್ತಿವರೆಗೂ ಹೀಗೆಯೇ 24 ಕಿ.ಮೀ. ಹಳೆಯ ಹಳಿಯ ಜಾಗವಾದ್ದರಿಂದ ಏರಿಳಿತ ಇಲ್ಲವೆಂದೇ ಹೇಳಬೇಕು, ಸೈಕಲ್ ಅಭ್ಯಾಸ ತಪ್ಪಿದವರೂ ಹೊಡೆಯಬಹುದು. ಬಾಡಿಗೆ ಸೈಕಲ್ ದಾರಿಯ ಮಗ್ಗುಲಲ್ಲೇ ಸಿಗುತ್ತದೆ. ಆ ಕಡೆ ರೈಲಿನಲ್ಲಿ ಹೋದರೆ ಮಾತ್ರ ನಿರಾಸೆ. ಸಾನ್ರೆಮೊ ಸ್ಟೇಷನ್ 2001ರಿಂದ ನೆಲದಡಿಯಲ್ಲಿದೆ, ಬಾಗಿಲಿನಿಂದ ಪ್ಲಾಟ್‌ಫಾರ್ಮಿಗೆ ಉದ್ದನೆಯ ಸುರಂಗದಲ್ಲಿ ನಡೆಯಬೇಕು. ರೈಲು ಹಿಡಿಯಲು ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ. 2016ರಲ್ಲಿ ಅಂದೋರಾ, ದಿಯಾನೊ, ಇಂಪೀರಿಯಾಗಳ ಸ್ಟೇಷನ್ನುಗಳೂ ಕಡಲು ಬಿಟ್ಟು ಒಳನಾಡಿನ ಕಡೆಗೆ ಸರಿದವು. ಗುಡ್ಡದ ಮೇಲಿನ ಚೆಂದದ ಚೆರ್ವೊಗೆ ಈಗ ಬಸ್ಸೇ ಗತಿ.

ಎರಡೇ ಕಡೆ ರೂಮು ಮಾಡಿ: ಪೂರ್ವಕ್ಕೆ ಕಮೋಲ್ಯಿ ಅಥವಾ ಲೆವಾಂತೊ, ಪಶ್ಚಿಮಕ್ಕೆ ಫಿನಾಲೆ. ಕಮೋಲ್ಯಿಯಿಂದ ದೋಣಿಯಲ್ಲಿ ಅರ್ಧ ಗಂಟೆಗೆ ಸಾನ್ ಫ್ರುತ್ತುವೊಸೊ ಮಠ. ರಸ್ತೆಯೇ ಇಲ್ಲ, ದೋಣಿ ಇಲ್ಲವೇ ಕಾಲ್ನಡಿಗೆ. ಕೊನೆಯ ದೋಣಿಯ ಹೊತ್ತನ್ನು ಹೋಗುವಾಗಲೇ ಕೇಳಿ. ಅಲೆ ಜೋರಿದ್ದರೆ ದೋಣಿ ಬಿಡುವುದಿಲ್ಲ.

ಮುಷ್ಕರ ಇಲ್ಲಿ ಆಗಾಗ್ಗೆ ಆಗುತ್ತದೆ, ‘ಶೋಪೆರೊ’ ಎಂದು ಮೊದಲೇ ಘೋಷಿಸುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ನಿಗದಿತ ಪ್ಯಾಸೆಂಜರ್ ಗಾಡಿಗಳು ಓಡಲೇಬೇಕು. ವಿಮಾನ ಹಿಡಿಯುವ ದಿನ ಮುಷ್ಕರ ಬಿದ್ದರೆ ಬೆಳಗಿನ ಆ ಮೂರು ಗಂಟೆಯಲ್ಲೇ ಹೊರಟುಬಿಡಿ.