ಭುಜದ ಕೃತಕ ಕೀಲು ತೆಗೆದ ಮೇಲೆ ಮುಂದೇನು?

ತಾಯಿಯ ಕೃತಕ ಭುಜಕ್ಕೆ ಸೋಂಕು, ತೆಗೆಯಲೇಬೇಕು ಅಂದಿದ್ದಾರೆ ಅಂತ ಬರೆದಿದ್ದೀರಿ. ತೆಗೆದ ಮೇಲೆ ದಾರಿ ಮೂರು: ಅದೇ ಆಪರೇಷನ್‌ನಲ್ಲಿ ಹೊಸದು ಹಾಕುವುದು, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ (ಕೀಲಿನ ಜಾಗ ತುಂಬುವ ತಾತ್ಕಾಲಿಕ ತುಂಡು) ಇಟ್ಟು ಕೆಲವು ವಾರ ಕಾದು ಹೊಸದು ಹಾಕುವುದು, ಇಲ್ಲವೇ ಏನೂ ಹಾಕದೆ ಬಿಡುವುದು.

ಖರ್ಚಿನ ಮಾತು ಬಂದರೆ ಎರಡನೆಯದೇ ಭಾರ. ಆಪರೇಷನ್, ಅರಿವಳಿಕೆ, ಆಸ್ಪತ್ರೆ ವಾಸ ಎಲ್ಲವೂ ಎರಡೆರಡು ಸಲ.

ಸೋಂಕಿನ ವಿಷಯ ಸ್ವಲ್ಪ ಸೂಕ್ಷ್ಮ. ಭುಜದಲ್ಲಿ ಜಾಸ್ತಿ ಸಿಗುವುದು ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್, ಮೊಡವೆ ಜೊತೆ ನಂಟಿರುವ, ನಮ್ಮ ಚರ್ಮದಲ್ಲೇ ಇರುವ ಬ್ಯಾಕ್ಟೀರಿಯಾ. ಇದು ತುಂಬಾ ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಕಲ್ಚರನ್ನು (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸುಮಾರು 14 ದಿನ ಇಟ್ಟು ನೋಡಬೇಕು; ಮೂರೇ ದಿನಕ್ಕೆ ನೆಗೆಟಿವ್ ಅಂತ ರಿಪೋರ್ಟ್ ಕೊಟ್ಟರೆ ಸುಮ್ನೆ ಒಪ್ಪಿಕೊಳ್ಳಬೇಡಿ, ಕೇಳಿ. ಯಾವ ಬ್ಯಾಕ್ಟೀರಿಯಾ ಅಂತ ಮೊದಲೇ ಗೊತ್ತಿದ್ದು, ಔಷಧಿಗೆ ಬಗ್ಗುವಂಥದ್ದಾಗಿದ್ದು, ಮೂಳೆ ಚೆನ್ನಾಗಿದ್ದರೆ ಒಂದೇ ಆಪರೇಷನ್ ಸಾಕಾಗಬಹುದು. ಗೊತ್ತಿಲ್ಲ, ಕೀವು ಸೋರುತ್ತಿದೆ, ಔಷಧಿಗೆ ಬಗ್ಗುತ್ತಿಲ್ಲ ಅಂದ್ರೆ ನಾನಾದರೆ ಎರಡು ಹಂತದ ಕಡೆಗೇ ವಾಲುತ್ತೇನೆ.

ಏನೂ ಹಾಕದೆ ಬಿಟ್ಟರೆ ನೋವು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಆದರೆ ಕೈ ಮೇಲೇಳುವುದು ಕಷ್ಟ. ಊಟ ಹೇಗೋ ಆದೀತು, ತಲೆ ಬಾಚಲು ಇನ್ನೊಬ್ಬರು ಬೇಕಾಗಬಹುದು. ವಯಸ್ಸಾಗಿ, ಹೃದಯ ಸೋತು, ಇನ್ನೊಂದು ದೊಡ್ಡ ಆಪರೇಷನ್ ತಡೆಯದವರಿಗೆ ಇದೇ ವಾಸಿ. ಕೆಲವರು ಸ್ಪೇಸರನ್ನೇ ಖಾಯಂ ಇಟ್ಟುಕೊಳ್ಳುವುದೂ ಉಂಟು.

ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಯಾವ ದಾರಿ ಹಿಡಿದರೂ ಮೊದಲು ಅದನ್ನು ಹತೋಟಿಗೆ ತನ್ನಿ.