ಕೋರ್ಗ್ ಕ್ರೋನೋಸ್‌ಗೆ ನೆಟ್‌ವರ್ಕ್ ಅಡಾಪ್ಟರ್: ಬ್ರ್ಯಾಂಡ್ ಅಲ್ಲ, ಚಿಪ್ ನೋಡಿ

ಕೋರ್ಗ್ ಕಂಪನಿಯ ಕೀಬೋರ್ಡ್ ಸಿಂಥಸೈಸರ್ ಕ್ರೋನೋಸ್‌ನಲ್ಲಿ ಈಥರ್ನೆಟ್ (ತಂತಿಯ ನೆಟ್‌ವರ್ಕ್) ಜಾಕ್ ಇಲ್ಲ. ಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ವಿಧಾನ) ಮೂಲಕ ಫೈಲ್ ಸಾಗಿಸಲು ಯುಎಸ್‌ಬಿ ಅಡಾಪ್ಟರ್ ಬೇಕೇ ಬೇಕು. ಒಳಗಿರುವುದು ಲಿನಕ್ಸ್, ನಾವು ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಹಾಕುವಂತಿಲ್ಲ, ಅದರಲ್ಲಿ ಇರುವುದಕ್ಕೇ ನಮ್ಮ ಅಡಾಪ್ಟರ್ ಹೊಂದಬೇಕು.

ಯುಎಸ್‌ಬಿ 2.0ರ ಆಸಿಕ್ಸ್ ಎಎಕ್ಸ್88772 ಚಿಪ್ಪಿನ ಹಳೆಯ ಅಡಾಪ್ಟರ್‌ಗಳೇ ಇಲ್ಲಿ ಉತ್ತಮ ಆಯ್ಕೆ. ವೇಗ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ. ಪ್ರೋಗ್ರಾಂ, ಸೆಟ್‌ಲಿಸ್ಟ್ ಫೈಲುಗಳಿಗೆ ಧಾರಾಳ. ಹಲವು ಜಿಬಿಯ ಸ್ಯಾಂಪಲ್ ಲೈಬ್ರರಿಗೆ ಪೆನ್‌ಡ್ರೈವೇ ವಾಸಿ. ಎಎಕ್ಸ್88179ರ ಗಿಗಾಬಿಟ್ ಮಾದರಿಗೆ ಹೆಚ್ಚು ದುಡ್ಡು ಕೊಡಬೇಡಿ. ಕಂಪನಿ ಒಂದೇ ಆದರೂ ಅದಕ್ಕೆ ಬೇರೆಯದೇ ಡ್ರೈವರ್ ಬೇಕು.

ದೊಡ್ಡ ತೊಡಕು ಇರುವುದು ಡಬ್ಬಿಯಲ್ಲೇ. ಮಾದರಿ ಹೆಸರು ಹಾಗೇ ಇಟ್ಟು ಒಳಗಿನ ಚಿಪ್ ಬದಲಿಸುವುದು ಈ ಸರಕಿನಲ್ಲಿ ಮಾಮೂಲು. ಕೊಂಡ ಕೂಡಲೇ ಲಿನಕ್ಸ್ ಕಂಪ್ಯೂಟರಿಗೆ ಚುಚ್ಚಿ ಯುಎಸ್‌ಬಿ ಪಟ್ಟಿಯಲ್ಲಿ (lsusb ಆದೇಶ) ಅದರ ಗುರುತು ಸಂಖ್ಯೆ ನೋಡಿ: 0ಬಿ95:7720 ಅಥವಾ 0ಬಿ95:772ಎ ಬಂದರೆ ಎಎಕ್ಸ್88772 ಕುಟುಂಬದ್ದು. 0ಬಿಡಿಎ:8152 ಬಂದರೆ ಬೇರೆ ಕಂಪನಿ ರಿಯಲ್‌ಟೆಕ್‌ನ ಚಿಪ್, ವಾಪಸ್ ಕೊಡಿ.

ಅಡಾಪ್ಟರನ್ನು ಹಬ್ ಇಲ್ಲದೆ ನೇರವಾಗಿ ಸಿಕ್ಕಿಸಿ, ಆಮೇಲೆ ಪವರ್ ಆನ್ ಮಾಡಿ. ಕ್ರೋನೋಸ್‌ನ ಐಪಿ ವಿಳಾಸ 169.254ರಿಂದ ಶುರುವಾದರೆ ಚಿಪ್ಪನ್ನು ದೂರಬೇಡಿ. ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯಿಂದ ಉತ್ತರ ಬಂದಿಲ್ಲ ಅಷ್ಟೆ, ಕೇಬಲ್ ಮತ್ತು ರೂಟರ್ ನೋಡಿ. ವೈಫೈ ಬೇಕಿದ್ದರೆ ಡಾಂಗಲ್ ಗೋಜು ಬೇಡ, ಬ್ರಿಡ್ಜ್ ಮೋಡ್ (ವೈಫೈಯನ್ನು ತಂತಿಗೆ ಜೋಡಿಸುವ ವಿಧಾನ) ಇರುವ ಪುಟ್ಟ ರೂಟರನ್ನು ಇದೇ ಅಡಾಪ್ಟರಿಗೆ ಜೋಡಿಸಿ.