18,000 ರೂಪಾಯಿಯ ಸ್ಪೀಕರ್ ಕೇಬಲ್ ಮತ್ತು ವೀಣೆ ಗುರುಗಳ ಕಿವಿ

ಕಳೆದ ಆರು ತಿಂಗಳಿಂದ ಮೈಸೂರಿನ ಸರಸ್ವತೀಪುರಂನ ನಮ್ಮ ಮನೆಯಲ್ಲಿ ಬಳಸಿ ನೋಡಿದ ಒಂದು ಸ್ಪೀಕರ್ ಕೇಬಲ್ ಕುರಿತು ಬರೆಯುತ್ತಿದ್ದೇನೆ. ಮೂರು ಮೀಟರ್ ಉದ್ದದ ಜೋಡಿಗೆ 18,000 ರೂಪಾಯಿ ಕೊಟ್ಟೆ. ತಯಾರಕರ ಹೆಸರನ್ನಾಗಲಿ, ಮಾರಿದ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಹೇಳುತ್ತಿಲ್ಲ. ನನ್ನ ಅನುಭವ ಈ ದರದ ಒಂದು ಕೇಬಲ್‌ಗೆ ಮಾತ್ರ ಸೀಮಿತವಾದುದಲ್ಲ ಎಂಬುದೇ ಅದಕ್ಕೆ ಕಾರಣ.

ಕಟ್ಟುವಿಕೆಯಲ್ಲಿ ಕೊರತೆಯಿಲ್ಲ. ಹೊರಗೆ ಹೆಣೆದ ನೂಲಿನ ಹೊದಿಕೆಯಿದೆ, ತುದಿಗಳಲ್ಲಿ ಚಿನ್ನದ ಲೇಪನವಿರುವ ಗಟ್ಟಿ ಪ್ಲಗ್‌ಗಳಿವೆ, ಒಳಗಿರುವುದು 4 ಚದರ ಮಿಲಿಮೀಟರ್ ದಪ್ಪದ ತಾಮ್ರ. ಹೊದಿಕೆಯ ಮೇಲೆ ಒಂದು ಬಾಣದ ಗುರುತಿದ್ದು, ಅದು ಸ್ಪೀಕರ್ ಕಡೆಗೇ ಮುಖ ಮಾಡಿರಬೇಕೆಂದು ಅಂಗಡಿಯವರು ಒತ್ತಿ ಹೇಳಿದರು. ಸ್ಪೀಕರಿಗೆ ಹೋಗುವ ವಿದ್ಯುತ್ತು ಸಂಗೀತದ ಪ್ರತಿ ಕಂಪನಕ್ಕೂ ಹಿಂದಕ್ಕೂ ಮುಂದಕ್ಕೂ ಹರಿಯುವಂಥದ್ದಾದ್ದರಿಂದ ಆ ಬಾಣಕ್ಕೆ ಅರ್ಥವೇ ಇಲ್ಲ.

ಮೊದಲ ಸಂಜೆ ಮಾತ್ರ ನನಗೆ ನಿಜವಾಗಿಯೂ ಸಂತೋಷವಾಯಿತು. ಹಳೆಯ ಸಂಗೀತ ಕಚೇರಿಯೊಂದರ ಧ್ವನಿಮುದ್ರಣದಲ್ಲಿ ಮೃದಂಗದ ಗುಮಕಿ, ಅಂದರೆ ಎಡಮುಖದ ತಗ್ಗಿನ ನಾದ, ಬಿಡಿಸಿಟ್ಟಂತೆ ಕೇಳಿಸಿತು. ಆದರೆ ಹಳೆಯ ತಂತಿಯನ್ನು ಬಿಚ್ಚುವಾಗ ಕಂಡದ್ದು ಮನಸ್ಸಿನಲ್ಲಿ ಉಳಿದಿತ್ತು: ಅದರ ತುದಿಯ ತಾಮ್ರ ಹಸಿರುಗಟ್ಟಿತ್ತು, ಸ್ಪೀಕರಿನ ತಿರುಪು ಸಡಿಲವಾಗಿತ್ತು, ಹತ್ತಾರು ಎಳೆಗಳಲ್ಲಿ ಅರ್ಧದಷ್ಟು ಹೊರಗೆ ಚೆದುರಿದ್ದವು. ಹೊಸ ಕೇಬಲ್ ಹಾಕುವ ಮೊದಲು ನಾನು ತಿರುಪನ್ನು ಉಜ್ಜಿ, ಬಿಗಿ ಮಾಡಿದ್ದೆ. ಹಾಗಾದರೆ ಕಿವಿಗೆ ಹಿತವಾದದ್ದು ಕೇಬಲಿನಿಂದಲೋ, ಬಿಗಿಯಾದ ಜೋಡಣೆಯಿಂದಲೋ, ಇಷ್ಟು ಹಣ ಕೊಟ್ಟಿದ್ದೇನೆಂಬ ನಿರೀಕ್ಷೆಯಿಂದಲೋ? ಇದನ್ನು ಬೇರ್ಪಡಿಸದೆ ವಿಮರ್ಶೆ ಬರೆಯುವುದು ಸರಿಯಲ್ಲವೆನಿಸಿತು.

ಶಿವರಾಮಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ‘ಎರಡೂವರೆ ಎಂಎಂ’ ಎಂದು ಕರೆಯುವ, ಅಂದರೆ 2.5 ಚದರ ಮಿಲಿಮೀಟರಿನ ಜೋಡಿ ತಾಮ್ರದ ವೈರನ್ನು ಮೀಟರಿಗೆ 80 ರೂಪಾಯಿಯಂತೆ ತಂದೆ. ಲೆಕ್ಕ ಸರಳವಾಗಿದೆ. ಹೋಗಿಬರುವ ದಾರಿ ಸೇರಿ ಆರು ಮೀಟರಿಗೆ ಈ ವೈರಿನ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ, ಸುಮಾರು 0.045 ಓಮ್, ದುಬಾರಿ ಕೇಬಲಿನದು ಸುಮಾರು 0.027 ಓಮ್. 8 ಓಮ್ ಸ್ಪೀಕರಿನ ಮುಂದೆ ಈ ವ್ಯತ್ಯಾಸದಿಂದ ಸದ್ದಿನ ಮಟ್ಟದಲ್ಲಿ ಆಗುವ ಬದಲಾವಣೆ ಒಂದು ಡೆಸಿಬಲ್‌ನ ನೂರರಲ್ಲಿ ಎರಡು ಪಾಲಿನಷ್ಟು. ಸ್ಪೀಕರಿನ ತುದಿಯಲ್ಲಿ 100 ಹರ್ಟ್ಸ್ ಸ್ವರವನ್ನಿಟ್ಟು ಮಲ್ಟಿಮೀಟರಿನಲ್ಲಿ ಅಳೆದಾಗ ಎರಡರಲ್ಲೂ 2.00 ವೋಲ್ಟ್ ತೋರಿಸಿತು. ಈ ಅಳತೆ ಮುಖ್ಯ, ಏಕೆಂದರೆ ಎರಡರಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಕೇಳುವವರು ಅದನ್ನು ಜೋರು ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತಾರೆ.

ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಂದೇ ಸ್ಪೀಕರನ್ನು ಇಟ್ಟುಕೊಂಡು, ಎರಡೂ ಕೇಬಲ್‌ಗಳ ಧನ, ಋಣ ತಂತಿಗಳನ್ನು ಒಮ್ಮೆಗೇ ಬದಲಿಸುವ ಸ್ವಿಚ್ಚೊಂದನ್ನು ಅವನು ಬೆಸುಗೆ ಹಾಕಿ ಕೊಟ್ಟ. ಕೇಬಲ್ ಬಿಚ್ಚಿ ಇನ್ನೊಂದನ್ನು ಹಾಕುವಷ್ಟರಲ್ಲಿ ಹಿಂದಿನ ನಾದದ ಸೂಕ್ಷ್ಮ ನೆನಪು ಮಾಸಿಹೋಗುತ್ತದೆ, ಆದ್ದರಿಂದ ಕ್ಷಣದಲ್ಲಿ ಬದಲಾಯಿಸುವ ಏರ್ಪಾಡು ಬೇಕೇಬೇಕು. ಸ್ವಿಚ್ಚಿನ ಟಕ್ ಸದ್ದಿನಿಂದಲೇ ಊಹಿಸಿಬಿಡುವ ಅಪಾಯವಿದ್ದುದರಿಂದ, ಕೇಬಲ್ ಬದಲಾಗದ ಸರದಿಯಲ್ಲಿಯೂ ಅದನ್ನು ಅತ್ತಿತ್ತ ಆಡಿಸಬೇಕೆಂದು ಅವನಿಗೆ ಹೇಳಿದೆ. ಅವನು ಪರದೆಯ ಹಿಂದೆ ಕುಳಿತು, ನಾಣ್ಯ ಚಿಮ್ಮಿ ಬಂದ ಮುಖದ ಪ್ರಕಾರ ಒಂದನ್ನು ಆರಿಸಿ, ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ.

ಕೇಳುವವರಾಗಿ ನನ್ನ ಜೊತೆ ಇದ್ದವರು ಮಗಳ ವೀಣೆ ಗುರುಗಳು. ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ಅವರ ಕಿವಿಯ ಮುಂದೆ ನನ್ನದು ಎಳೆಯದು. ನುಡಿಯುತ್ತಿರುವುದು ಯಾವ ಕೇಬಲ್ ಎಂದು ಗುರುತಿಸುವ ತಲಾ 16 ಸರದಿಗಳಲ್ಲಿ ನನಗೆ 7 ಸರಿಬಂದವು, ಅವರಿಗೆ 9. ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ, ಅಷ್ಟು ಬಂದಿದ್ದರೆ ಏನೋ ಇದೆ ಎನ್ನಬಹುದಿತ್ತು. 7, 9 ಎಂಬುವು ನಾಣ್ಯ ಚಿಮ್ಮಿದರೂ ಬರುವ ಅಂಕಗಳು.

ಇಲ್ಲಿಗೇ ಮುಗಿದಿದ್ದರೆ ಕಿವಿಯ ಅಭ್ಯಾಸಕ್ಕೆ ಬೆಲೆಯಿಲ್ಲವೆಂದು ಯಾರಾದರೂ ತಿಳಿಯಬಹುದಿತ್ತು. ಆದರೆ ಅದೇ ಮಧ್ಯಾಹ್ನ ಗುರುಗಳು ಅದೇ ಧ್ವನಿಮುದ್ರಣದಲ್ಲಿ ತೋರಿಸಿಕೊಟ್ಟದ್ದನ್ನು ನಾನು ಇಪ್ಪತ್ತು ವರ್ಷ ಕೇಳಿಯೂ ಕೇಳಿಸಿಕೊಂಡಿರಲಿಲ್ಲ. ತಂಬೂರಿಯ ಮಂದ್ರ ಷಡ್ಜ, ಅಂದರೆ ಕೆಳಗಿನ ‘ಸ’, ಆಲಾಪನೆಯ ಕೊನೆಗೆ ತುಸು ಇಳಿದಿದೆ ಎಂದರು. ವೀಣೆಯಲ್ಲಿ ಗಮಕಕ್ಕಾಗಿ ತಂತಿಯನ್ನು ಎಳೆದು ಬಿಡುವಾಗ ಅದು ವೀಣೆಯ ಮೆಟ್ಟಿನ ಮೇಲೆ ಉಜ್ಜುವ ಸಣ್ಣ ಸದ್ದನ್ನು ಒಂದೇ ಜಾಗದಲ್ಲಿ ಮೂರು ಸಲ ಹಾಕಿಸಿ ಕೇಳಿಸಿದರು. ಮೂರನೆಯ ಸಲಕ್ಕೆ ನನಗೂ ಸ್ಪಷ್ಟವಾಗಿ ಕೇಳಿಸಿತು, ಈಗ ಬೇಡವೆಂದರೂ ಕೇಳಿಸುತ್ತದೆ. ಎಲ್ಲಿ ಕಿವಿ ಇಡಬೇಕು ಎಂದು ಗೊತ್ತಿರುವುದೇ ಈ ಅಭ್ಯಾಸದ ತಿರುಳು. ಅದನ್ನು ಹೇಳಿಕೊಡಬಹುದು, ಕಲಿಯಬಹುದು.

ಇನ್ನೂ ದೊಡ್ಡದೊಂದು ಉಳಿದಿತ್ತು. ಹೊರಡುವ ಮುಂಚೆ ಅವರು, “ಸಾರ್, ತಂಬೂರಿಗೆ ಸೇರದ ಇನ್ನೊಂದು ಶ್ರುತಿ ಕೆಳಗೆ ನಿಂತಿದೆಯಲ್ಲ, ಅದು ಏನು?” ಎಂದು ಕೇಳಿದರು. ಹಾಡನ್ನು ನಿಲ್ಲಿಸಿದೆ. ನಿಂತ ಮೇಲೂ ಅದು ಸಣ್ಣಗೆ ಗುಂಯ್‌ಗುಡುತ್ತಿತ್ತು. ನಮ್ಮ ಮನೆಗಳ ವಿದ್ಯುತ್ತಿನ 50 ಹರ್ಟ್ಸ್ ಗುಂಗು ಅದು. ನಾನು ಅದನ್ನು ತಂಬೂರಿಯ ಗಾಂಭೀರ್ಯವೆಂದೇ ಭಾವಿಸಿಕೊಂಡು ಬಂದಿದ್ದೆ. ಹುಡುಕಿದಾಗ ಸಿಡಿ ಪ್ಲೇಯರಿನಿಂದ ಆಂಪ್ಲಿಫಯರಿಗೆ ಬರುವ ಹಳೆಯ ಸಣ್ಣ ಕೇಬಲಿನ ಪಿನ್ನಿನೊಳಗೆ, ಹೊರ ಜಾಲರಿಯ ಬೆಸುಗೆ ಬಿಟ್ಟುಹೋಗಿರುವುದು ಕಂಡಿತು. ಆ ಜಾಲರಿಯೇ ಸುತ್ತಲಿನ ವಿದ್ಯುತ್ತಿನ ಗುಂಗನ್ನು ಒಳಗೆ ಬಿಡದೆ ತಡೆಯುವುದು. 250 ರೂಪಾಯಿಯ ಹೊಸ ಕೇಬಲ್ ಹಾಕಿದ ಕೂಡಲೇ ಮನೆ ನಿಶ್ಶಬ್ದವಾಯಿತು, ತಂಬೂರಿಯ ಜೀವಾಳದ (ತಂತಿಯಡಿ ಇಡುವ ನೂಲಿನ) ಝೇಂಕಾರ ಮೊದಲ ಬಾರಿಗೆ ಒಂಟಿಯಾಗಿ ಕೇಳಿಸಿತು. ಈ ಆರು ತಿಂಗಳಲ್ಲಿ ಕೇಬಲ್ ಬದಲಿಸಿದ್ದರಿಂದ ನಿಜವಾಗಿ ನಾದ ಬದಲಾದದ್ದು ಅದೊಂದು ಸಲ.

ಹಾಗಾಗಿ ಕೇಬಲ್ ಲೆಕ್ಕಕ್ಕೇ ಬಾರದೆಂದು ನಾನು ಹೇಳಲಾರೆ. ದೊಡ್ಡ ಹಜಾರದಲ್ಲಿ ಸ್ಪೀಕರ್ ಹತ್ತು ಮೀಟರ್ ದೂರವಿದ್ದು, ಅದಕ್ಕೆ ಅರ್ಧ ಚದರ ಮಿಲಿಮೀಟರಿನ ತೆಳ್ಳನೆಯ ವೈರ್ ಎಳೆದರೆ ರೋಧ 0.8 ಓಮಿನ ಹತ್ತಿರ ಹೋಗುತ್ತದೆ. ಸ್ಪೀಕರಿನ ರೋಧ ಸ್ವರದಿಂದ ಸ್ವರಕ್ಕೆ ಏರಿಳಿಯುವುದರಿಂದ, ಆಗ ಕೆಲವು ಸ್ವರಗಳು ಒಂದು ಡೆಸಿಬಲಿನಷ್ಟು ಹೆಚ್ಚು ಕುಗ್ಗಬಹುದು. ಪಳಗಿದ ಕಿವಿ ಅದನ್ನು ಹಿಡಿಯುತ್ತದೆ. ಅದಕ್ಕೂ ಮದ್ದು ದಪ್ಪನೆಯ ಸಾಮಾನ್ಯ ತಾಮ್ರವೇ. ಬೆಳ್ಳಿ ತಂತಿಯೆಂದು ಇನ್ನೂ ಹೆಚ್ಚು ಬೆಲೆ ಕೇಳುವವರಿದ್ದಾರೆ. ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕವೆನ್ನುವುದು ನಿಜವಾದರೂ ಆ ಹೆಚ್ಚಳ ಶೇ. 6ರ ಆಸುಪಾಸಿನದು, ತಾಮ್ರವನ್ನು ಅಷ್ಟು ಹೆಚ್ಚು ದಪ್ಪ ಮಾಡಿದರೆ ಸರಿಹೋಗುತ್ತದೆ.

ಕೇಬಲನ್ನು ಹಿಂತಿರುಗಿಸಲು ಹೋದಾಗ, ಪೊಟ್ಟಣ ಒಡೆದಿರುವುದರಿಂದ ತೆಗೆದುಕೊಳ್ಳುವುದಿಲ್ಲವೆಂದರು. ನೂರು ಗಂಟೆ ನುಡಿಸಿದರೆ ‘ಪಳಗುತ್ತದೆ’ ಎಂದೂ ಸೇರಿಸಿದರು. ನಾನು ಪರೀಕ್ಷಿಸಿದ್ದು ನೂರು ಗಂಟೆಗಿಂತ ಎಷ್ಟೋ ಹೆಚ್ಚು ನುಡಿಸಿದ ಮೇಲೆ. ನನ್ನ ಅಂಕ: ಕಟ್ಟುವಿಕೆಗೆ ಐದಕ್ಕೆ ನಾಲ್ಕು, ನಾದಕ್ಕೆ ಶಿವರಾಮಪೇಟೆಯ ವೈರಿಗೆ ಸಮಾನ, ಕೊಟ್ಟ ಹಣಕ್ಕೆ ಒಂದು.

ಈಗ ಎರಡೂ ಸ್ಪೀಕರ್‌ಗಳಿಗೆ ಆ 80 ರೂಪಾಯಿಯ ವೈರನ್ನೇ ಹಾಕಿದ್ದೇನೆ. ತುದಿಯ ಎಳೆಗಳನ್ನು ಹೊಸೆದು, ತಿರುಪನ್ನು ಬಿಗಿ ಮಾಡಿ, ಸ್ಪೀಕರ್‌ಗಳನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದಿದ್ದೇನೆ. ಮೃದಂಗದ ಎಡಮುಖವಾದ ತೊಪ್ಪಿಯ ಹೊಡೆತ ಮೂಲೆಯಲ್ಲಿ ಸೇರಿ ಗೊಜ್ಜಾಗುತ್ತಿದ್ದದ್ದು ಅಷ್ಟರಿಂದಲೇ ತಿಳಿಯಾಯಿತು. ತಿಂಗಳಿಗೆ ಒಂದೆರಡು ಸಂಜೆ ಕುವೆಂಪುನಗರದ ವೀಣೆ ಶೇಷಣ್ಣ ಭವನಕ್ಕೆ ಗುರುಗಳ ಜೊತೆ ಹೋಗುತ್ತೇನೆ. ಅವರು ಕಚೇರಿ ಆರಂಭಕ್ಕೆ ಮುನ್ನ ಶ್ರುತಿ ಸೇರಿಸುವಾಗಲೇ ಹೋಗಿ ಕುಳಿತಿರಬೇಕೆನ್ನುತ್ತಾರೆ.